ಒಂದೇ ಸುಣ್ಣದ ನೀರಲ್ಲಿ ಬೆಂಕಿಯ ಪಾಠ, ನೀರಿನ ಪಾಠ: ಬೆಂಗಳೂರಿನ ತರಗತಿಗೊಂದು ಸಮಗ್ರ ಮಾರ್ಗದರ್ಶಿ

"ಸಾರ್, ನೀರು ಹೊತ್ತಿಕೊಳ್ಳುತ್ತಾ?"

ದಹನದ ಪಾಠ ಶುರು ಮಾಡಿದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕಾರಣ ಬೆಳ್ಳಂದೂರು ಕೆರೆ. 2015ರ ಮೇ ತಿಂಗಳಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹತ್ತಿತ್ತು. 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಮತ್ತೆ ಹೊಗೆ ಎದ್ದಿತು. ಈಗಿನ ಮಕ್ಕಳು ಆಗ ತೀರಾ ಚಿಕ್ಕವರು. ಆದರೂ ವಿಡಿಯೋ ಎಲ್ಲರೂ ನೋಡಿದ್ದಾರೆ. ಉರಿದದ್ದು ನೀರಲ್ಲ, ನೀರಿನ ಮೇಲೆ ಸೇರಿದ್ದ ನೊರೆ, ಜಿಡ್ಡು, ಕಸ, ಒಣಗಿದ ಜೊಂಡು ಅಂತ ಹೇಳಿ ನಾನು ಎಷ್ಟೋ ವರ್ಷ ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದೆ. ಆಮೇಲೆ ಅನ್ನಿಸಿತು, ಈ ಪ್ರಶ್ನೆಯನ್ನೇ ಹಿಡಿದುಕೊಂಡು ಎರಡೂ ಪಾಠ ಒಟ್ಟಿಗೆ ಮಾಡಬಹುದಲ್ವಾ?

ಪುಸ್ತಕದಲ್ಲಿ ಇಂಧನ ಒಂದು ಕಡೆ, ನೀರು ಇನ್ನೊಂದು ಕಡೆ. ಪ್ರಯೋಗ ಮಾಡೋಕೆ ಕೂತರೆ ಎರಡೂ ಒಂದನ್ನೊಂದು ಬಿಡೋದಿಲ್ಲ. ಮೇಣದಬತ್ತಿ ಉರಿದಾಗ ಬರುವ ಅನಿಲವೇ ಬೋರ್‌ವೆಲ್ ನೀರನ್ನು ಗಡಸು ಮಾಡುವುದರಲ್ಲೂ ಪಾಲುದಾರ. ದೀಪ ಆರಿಹೋಗುವುದಕ್ಕೂ ಕೆರೆಯಲ್ಲಿ ಮೀನು ಸಾಯುವುದಕ್ಕೂ ಲೆಕ್ಕ ಒಂದೇ: ಆಮ್ಲಜನಕ. ಕೆಳಗಿನ ಪ್ರಯೋಗಗಳನ್ನು ಆ ಎಳೆ ಹಿಡಿದು ಜೋಡಿಸಿದ್ದೇನೆ. ಬೆಂಕಿಗೆ ಎರಡು ಪಿರಿಯಡ್, ನೀರಿಗೆ ಎರಡು ಪಿರಿಯಡ್, ಆಮೇಲೆ ಮೂರು ದಿನ ದಿನಕ್ಕೆ ಐದು ನಿಮಿಷ. ಎಂಟರಿಂದ ಹತ್ತನೇ ತರಗತಿವರೆಗೆ ಸರಿಹೋಗುತ್ತದೆ.

ಮೊದಲು ಸಾಮಾನು

ಲ್ಯಾಬ್ ಇಲ್ಲದ ಶಾಲೆಯಲ್ಲೂ ನಡೆಯುತ್ತದೆ. ಮೇಣದಬತ್ತಿ, ಜ್ಯಾಮ್ ಬಾಟಲಿ, ಗಾಜಿನ ಲೋಟ, ಸ್ಟೀಲ್ ತಟ್ಟೆ, ಇಕ್ಕಳ, ಸೇಫ್ಟಿ ಪಿನ್, ಹಸಿ ಕಡಲೆಕಾಯಿ ಬೀಜ, ಬಾರ್ ಸೋಪು, ಪ್ಲೇನ್ ಸೋಡಾ, ಅಡುಗೆಗೆ ಬಳಸುವ ಬಿಳಿ ವಿನೆಗರ್. ಇವೆಲ್ಲ ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತವೆ. ಸುಣ್ಣಕ್ಕೆ ಬೀಡಾ ಅಂಗಡಿ. ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಂದಾಜು ತೋರಿಸುವ ಟಿಡಿಎಸ್ ಮೀಟರ್ ಎಸ್‌ಪಿ ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಕೊಳ್ಳಬಹುದು. ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣಕ್ಕೆ ಕೆಮಿಕಲ್ ಅಂಗಡಿ ಹುಡುಕಬೇಕಿಲ್ಲ. ಅಕ್ವೇರಿಯಂ ಮೀನು ಮಾರುವವರ ಹತ್ತಿರ ಚಿಕ್ಕ ಬಾಟಲಿ ಇರುತ್ತದೆ, ಮೀನಿಗೆ ಬೂಸ್ಟು ಹಿಡಿದರೆ ಹಾಕುವ ಔಷಧಿ ಅದು.

ಎರಡು ಸಾಮಾನಿಗೆ ಮಾತ್ರ ಸ್ವಲ್ಪ ದುಡ್ಡು ಹಾಕಿ. ಒಂದು, 110 ಡಿಗ್ರಿವರೆಗಿನ ಥರ್ಮಾಮೀಟರ್. ಜ್ವರ ನೋಡುವುದು ಬೇಡ, ಅದು ಒಡೆಯುತ್ತದೆ. ಇನ್ನೊಂದು, ಒಡವೆ ತೂಗುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ. ಥರ್ಮಾಮೀಟರ್ ಸರಿ ಇದೆಯಾ ಅಂತ ನೋಡೋಕೆ ಕುದಿಯುವ ನೀರಿಗೆ ಇಡಿ. ಅದು 97ರ ಹತ್ತಿರ ನಿಂತರೆ ಅಂಗಡಿಗೆ ವಾಪಸ್ ಒಯ್ಯಬೇಡಿ! ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 97ಕ್ಕೇ ಕುದಿಯುತ್ತದೆ. ಪುಸ್ತಕದ 100 ಮಂಗಳೂರಿಗೆ ಸರಿ.

ಎಚ್ಚರದ ಮಾತು

ಇದನ್ನು ಓದದೆ ಮುಂದೆ ಹೋಗಬೇಡಿ. ಕಿಟಕಿ ತೆಗೆದಿರಲಿ, ಫ್ಯಾನ್ ಆಫ್ ಆಗಿರಲಿ. ಜಡೆ ಕಟ್ಟಿರಬೇಕು, ದುಪಟ್ಟಾ ಹಿಂದಕ್ಕೆ ಗಂಟು ಹಾಕಿರಬೇಕು. ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಪಕ್ಕದಲ್ಲೇ ಇರಲಿ. ಪೆಟ್ರೋಲ್, ಥಿನ್ನರ್ ತರಗತಿಯೊಳಗೆ ಬರಲೇಬಾರದು, "ಒಂದೇ ಹನಿ ಸಾರ್" ಅಂದರೂ ಸರಿ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಬೆಂಕಿಕಡ್ಡಿ ಗೀರಬಾರದು. ಸ್ಪಿರಿಟ್ ದೀಪ ಬಳಸುವವರು ಉರಿಯುತ್ತಿರುವ ದೀಪಕ್ಕೆ ಸ್ಪಿರಿಟ್ ಸುರಿಯಬಾರದು. ಅದರ ಜ್ವಾಲೆ ಹಗಲಿನ ಬೆಳಕಲ್ಲಿ ಕಾಣುವುದೇ ಇಲ್ಲ, ಆರಿದೆ ಅಂದುಕೊಂಡು ಸುರಿದರೆ ಕೈಗೇ ಬರುತ್ತದೆ. ದೀಪ ಆರಿಸೋದು ಮುಚ್ಚಳದಿಂದ, ಬಾಯಿಂದ ಅಲ್ಲ.

ಕೈ ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಸುಣ್ಣದ ನೀರು ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ಡಾಕ್ಟರ್ ಹತ್ತಿರ. ಕಡಲೆಕಾಯಿ ಅಲರ್ಜಿ ಯಾರಿಗಾದರೂ ಇದೆಯಾ ಅಂತ ಹಿಂದಿನ ದಿನವೇ ಕೇಳಿ. ಇದ್ದರೆ ಕಡಲೆಕಾಯಿ ಬಿಟ್ಟು ಒಣ ಕೊಬ್ಬರಿ ಚೂರು ಉರಿಸಿ.

ಹಿಂದಿನ ದಿನ ಸಂಜೆ: ತಿಳಿ ಸುಣ್ಣದ ನೀರು, ತುಕ್ಕಿನ ಲೋಟ

ಒಂದು ಲೀಟರ್ ಆರ್‌ಓ ನೀರಿಗೆ (ಫಿಲ್ಟರ್ ಯಂತ್ರದಲ್ಲಿ ಲವಣ ತೆಗೆದ ನೀರು) ಎರಡು ಚಮಚ ಬೀಡಾ ಸುಣ್ಣ ಹಾಕಿ. ಬಣ್ಣ, ಪರಿಮಳ ಬೆರೆಸದ ಬಿಳಿ ಸುಣ್ಣ ಆಗಬೇಕು. ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಸುಣ್ಣ ಕರಗೋದು ಲೀಟರಿಗೆ ಎರಡು ಗ್ರಾಂಗಿಂತ ಕಡಿಮೆ, ಉಳಿದದ್ದು ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಾಟಲಿಗೆ ಬಗ್ಗಿಸಿ, ಕತ್ತಿನವರೆಗೆ ತುಂಬಿ ಮುಚ್ಚಿಡಿ. ತೆರೆದಿಟ್ಟರೆ ಗಾಳಿಗೇ ಮೇಲೆ ಕೆನೆ ಕಟ್ಟುತ್ತದೆ. ಒಂದು ಚಿಟಿಕೆ ಅರಿಶಿನ ಹಾಕಿ ನೋಡಿ, ಆರತಿ ತಟ್ಟೆಯ ಕೆಂಪು ನೀರು ಬಂದರೆ ಸುಣ್ಣ ಸರಿಯಾಗಿದೆ ಅಂತ ಅರ್ಥ.

ಆರ್‌ಓ ನೀರೇ ಯಾಕೆ ಅಂದರೆ, ಅದರ ಹಿಂದೆ ಒಂದು ಅವಮಾನದ ಕತೆ ಇದೆ. ಮುಂದೆ ಹೇಳುತ್ತೇನೆ.

ಅದೇ ಸಂಜೆ ಇನ್ನೊಂದು ಕೆಲಸ ಮಾಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ತುಕ್ಕು ಹಿಡಿಯುವ ಸ್ಟೀಲ್ ವೂಲ್ ತನ್ನಿ. ಪಾತ್ರೆ ತಿಕ್ಕುವ ಹೊಳೆಯುವ ಸ್ಕ್ರಬ್ಬರ್ ತುಕ್ಕು ಹಿಡಿಯೋದಿಲ್ಲ, ಅದರಿಂದ ಪ್ರಯೋಗ ಆಗೋದಿಲ್ಲ. ವೂಲನ್ನು ಐದು ನಿಮಿಷ ವಿನೆಗರ್‌ನಲ್ಲಿ ನೆನೆಸಿ, ಹಿಂಡಿ, ಸ್ವಲ್ಪ ಬಿಡಿಸಿ, ಉದ್ದನೆಯ ಲೋಟದ ತಳಕ್ಕೆ ಒತ್ತಿ. ಲೋಟ ಬೋರಲು ಹಾಕಿದರೂ ಅದು ಬೀಳಬಾರದು. ನೀರಿರುವ ತಟ್ಟೆಯಲ್ಲಿ ಬೋರಲಾಗಿಸಿ, ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ, ಬಿಟ್ಟುಬಿಡಿ.

ಲೋಟದೊಳಗಿನ ದೀಪ

ಇದು ಎಲ್ಲರಿಗೂ ಗೊತ್ತಿರುವ ಪ್ರಯೋಗ, ಎಲ್ಲರೂ ತಪ್ಪಾಗಿ ಹೇಳುವ ಪ್ರಯೋಗ. ನಾನೂ ಹೇಳಿದ್ದೇನೆ. ತಟ್ಟೆಯಲ್ಲಿ ನೀರು, ಮಧ್ಯೆ ಮೇಣದಬತ್ತಿ, ಮೇಲೆ ಲೋಟ. ದೀಪ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. "ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಇತ್ತು, ಅದು ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು." ಕೇಳೋಕೆ ಎಷ್ಟು ಚೆಂದ ಅಲ್ವಾ? ಹಿಂದಿನ ಬೆಂಚಿನ ಒಬ್ಬ ಹುಡುಗಿ ಸುಮ್ನೆ ಕೂರದೆ ಎರಡು ಬತ್ತಿ ಇಟ್ಟು ಮಾಡಿ ನೋಡಿದಳು. ನೀರು ಇನ್ನೂ ಮೇಲೆ ಬಂತು. ಮೂರು ಇಟ್ಟಳು, ಮತ್ತೂ ಮೇಲೆ. ಲೋಟ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ. ಹಾಗಾದರೆ ಇದು ಹೇಗೆ ಸಾರ್ ಅಂತ ನನ್ನ ಮುಖ ನೋಡಿದಳು. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಬಿಸಿಯಲ್ಲಿದೆ. ಲೋಟ ಕವುಚುವಾಗ ಜ್ವಾಲೆ ಒಳಗಿನ ಗಾಳಿಯನ್ನು ಕಾಯಿಸಿ ಹಿಗ್ಗಿಸುತ್ತದೆ. ಸ್ವಲ್ಪ ಗಾಳಿ ಅಂಚಿನಿಂದ ಗುಳ್ಳೆಯಾಗಿ ಆಚೆ ಹೋಗುತ್ತದೆ. ದೀಪ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಬತ್ತಿ ಜಾಸ್ತಿಯಾದರೆ ಬಿಸಿ ಜಾಸ್ತಿ, ಅಷ್ಟೇ. ಖರ್ಚಾದ ಆಮ್ಲಜನಕದ ಜಾಗಕ್ಕೆ ಬಹುಪಾಲು ಇಂಗಾಲದ ಡೈಆಕ್ಸೈಡ್ ಬಂದು ಕೂತಿರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಅಂದರೆ, ಆಮ್ಲಜನಕ ಪೂರ್ತಿ ಮುಗಿಯುವುದೇ ಇಲ್ಲ. ಶೇಕಡಾ 21ರಿಂದ ಸುಮಾರು 16ಕ್ಕೆ ಇಳಿದರೆ ಸಾಕು, ಮೇಣದಬತ್ತಿ ಸೋಲುತ್ತದೆ.

ಹಾಗಾಗಿ ಮಾಡುವ ಕ್ರಮ ಹೀಗಿರಲಿ. ಮೊದಲು ಒಂದೇ ಬತ್ತಿ. ನೀರು ಯಾವಾಗ ಏರುತ್ತದೆ ಅಂತ ಮಾತ್ರ ನೋಡೋಕೆ ಹೇಳಿ. ದೀಪ ಉರಿಯುವಾಗ ನಿಧಾನಕ್ಕೆ ಏರೋದಿಲ್ಲ, ಆರಿದ ಮೇಲೆ ತಟ್ಟನೆ ಏರುತ್ತದೆ. ಆಮೇಲೆ ಎರಡು ಬತ್ತಿ, ಆಮೇಲೆ ಮೂರು. ಕಾರಣ ಅವರೇ ಹುಡುಕಲಿ, ನೀವು ಬಾಯಿ ಬಿಡಬೇಡಿ. ಕೊನೆಗೆ ಹಿಂದಿನ ದಿನದ ತುಕ್ಕಿನ ಲೋಟ ತನ್ನಿ. ಅಲ್ಲಿ ಬೆಂಕಿ ಇಲ್ಲ, ಬಿಸಿಯ ಆಟ ಇಲ್ಲ. ಕಬ್ಬಿಣ ರಾತ್ರಿಯೆಲ್ಲ ಆಮ್ಲಜನಕವನ್ನು ಹಿಡಿದು ತುಕ್ಕು ಮಾಡಿಕೊಂಡಿದೆ. ನೀರು ಲೋಟದ ಹೆಚ್ಚುಕಮ್ಮಿ ಐದನೇ ಒಂದು ಭಾಗ ಏರಿ ನಿಂತಿರುತ್ತದೆ. ಮೇಣದಬತ್ತಿ ಹೆಸರಲ್ಲಿ ನಾವು ಹೇಳುತ್ತಿದ್ದ ಲೆಕ್ಕ ಸರಿಬರೋದು ಇಲ್ಲಿ. ಈಗ ಬೋರ್ಡಿನ ಮೇಲೆ ಒಂದು ಮಾತು ಬರೆಯಿರಿ: "ಬೆಂಕಿ ಇಲ್ಲದೆಯೂ ಆಮ್ಲಜನಕ ಖರ್ಚಾಗುತ್ತದೆ." ಅಳಿಸಬೇಡಿ, ಮೂರನೇ ದಿನ ಬೇಕಾಗುತ್ತದೆ.

ಕಡಲೆಕಾಯಿ ಒಲೆ

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆ ವಾರಕ್ಕೆ ಈ ಪಾಠ ಹೊಂದಿಸಿಕೊಂಡರೆ ಸಾಮಾನು ಮಕ್ಕಳೇ ತರುತ್ತಾರೆ. ಬೇಕಾದ್ದಕ್ಕಿಂತ ಎರಡು ಪಟ್ಟು ತರಿಸಿ, ಅರ್ಧ ಬೆಂಕಿಗೆ ಹೋಗುವ ಮೊದಲೇ ಹೊಟ್ಟೆಗೆ ಹೋಗಿರುತ್ತದೆ.

1. ಖಾಲಿ ಟಿನ್ ಡಬ್ಬಕ್ಕೆ 100 ಮಿಲಿ ನೀರು ಹಾಕಿ, ಮೂರು ಇಟ್ಟಿಗೆ ಚೂರಿನ ಮೇಲೋ ಕಬ್ಬಿಣದ ಸ್ಟ್ಯಾಂಡ್ ಮೇಲೋ ಕೂರಿಸಿ. ನೀರಿನ ಬಿಸಿ ಬರೆದುಕೊಳ್ಳಿ.

2. ಬೀಜವನ್ನು ತೂಗಿ. ಸೇಫ್ಟಿ ಪಿನ್ ನೆಟ್ಟಗೆ ಮಾಡಿ ಆಲೂಗಡ್ಡೆ ತುಂಡಿಗೆ ಚುಚ್ಚಿ, ಮೇಲ್ತುದಿಗೆ ಬೀಜ ಸಿಕ್ಕಿಸಿ.

3. ಬೀಜಕ್ಕೆ ಬೆಂಕಿ ಹಿಡಿಸೋಕೆ ತಾಳ್ಮೆ ಬೇಕು. ಮೇಣದಬತ್ತಿಗೆ ಅರ್ಧ ನಿಮಿಷ ಹಿಡಿದ ಮೇಲೆ ಎಣ್ಣೆ ಜಿನುಗಿ ಹೊತ್ತಿಕೊಳ್ಳುತ್ತದೆ. ತಕ್ಷಣ ಡಬ್ಬದ ಕೆಳಗೆ ತಳ್ಳಿ. ಡಬ್ಬದ ತಳಕ್ಕೂ ಬೀಜಕ್ಕೂ ಎರಡು ಬೆರಳು ಅಂತರ ಸಾಕು.

4. ಆರಿದ ಮೇಲೆ ನೀರು ಕಲಕಿ, ಏರಿದ ಗರಿಷ್ಠ ಬಿಸಿ ಬರೆದುಕೊಳ್ಳಿ. ಉಳಿದ ಕರಿ ತೂಗಿ, ಮೊದಲಿನ ತೂಕದಿಂದ ಕಳೆಯಿರಿ.

ಲೆಕ್ಕ ಸುಲಭ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರೋಕೆ 4.2 ಜೂಲ್ ಬೇಕು. ಅರ್ಧ ಗ್ರಾಂ ಬೀಜ ಉರಿದು 100 ಗ್ರಾಂ ನೀರು 10 ಡಿಗ್ರಿ ಏರಿತು ಅನ್ನಿ. 100 × 4.2 × 10, ಅಂದರೆ 4200 ಜೂಲ್, 4.2 ಕಿಲೋಜೂಲ್. ಒಂದು ಗ್ರಾಂಗೆ 8.4. ಆದರೆ ಕಡಲೆಕಾಯಿಯ ಒಂದು ಗ್ರಾಂನಲ್ಲಿ ಇರೋದು ಸುಮಾರು 24 ಕಿಲೋಜೂಲ್. ಉಳಿದ ಮೂರನೇ ಎರಡು ಭಾಗ ಎಲ್ಲಿ ಹೋಯಿತು?

ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಉತ್ತರ ಸರಿಬರಲಿಲ್ಲ ಅಂತ ಮಕ್ಕಳು ಸಪ್ಪಗಾಗುತ್ತಾರೆ, ಕೆಲವರು ಅಂಕಿಯನ್ನೇ ತಿದ್ದುತ್ತಾರೆ. ತಿದ್ದಿದವರಿಗೆ ಅಂಕ ಕೊಡಬೇಡಿ, ತಪ್ಪು ಉತ್ತರ ಬಂದು ಕಾರಣ ಹುಡುಕಿದವರಿಗೆ ಕೊಡಿ. ಡಬ್ಬದ ಸುತ್ತ ಅಲ್ಯೂಮಿನಿಯಂ ಫಾಯಿಲ್ ಗೋಡೆ ಕಟ್ಟಿ ಮತ್ತೊಮ್ಮೆ ಮಾಡಿಸಿ, ಈ ಸಲ ಬಿಸಿ ಜಾಸ್ತಿ ಏರುತ್ತದೆ. ಗಾಳಿಗೆ ಓಡಿಹೋಗುತ್ತಿದ್ದ ಶಾಖಕ್ಕೆ ಬೇಲಿ ಹಾಕಿದಂತಾಯಿತು. ಮೂರು ಕಲ್ಲಿನ ಒಲೆಗೂ ಸುತ್ತ ಗೋಡೆಯಿರುವ ಮಣ್ಣಿನ ಒಲೆಗೂ ಇರುವ ಒಂದು ಮುಖ್ಯ ವ್ಯತ್ಯಾಸ ಇದೇ. ಸಮಯ ಇದ್ದರೆ ಕೊಬ್ಬರಿ, ತೆಂಗಿನ ಕರಟ, ಬೆರಣಿ ಚೂರು ಉರಿಸಿ ಹೋಲಿಸಿ. ಪಠ್ಯದ ಪಟ್ಟಿಯಲ್ಲಿ ಬೆರಣಿಗೆ ಗ್ರಾಂಗೆ 6ರಿಂದ 8 ಕಿಲೋಜೂಲ್, ಸೌದೆಗೆ 17ರಿಂದ 22, ಸೀಮೆಎಣ್ಣೆಗೆ ಸುಮಾರು 45 ಅಂತ ಇರುತ್ತದೆ. ಅಂಕಿ ನಿಮ್ಮದಕ್ಕೆ ಕೂಡಿಬರೋದಿಲ್ಲ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಕ್ರಮ ಕೂಡಿಬಂದರೆ ಸಾಕು.

ಮಸಿಗೆ ಎರಡೇ ನಿಮಿಷ. ತಣ್ಣಗಿನ ಸ್ಟೀಲ್ ಚಮಚವನ್ನು ಮೇಣದಬತ್ತಿಯ ಹಳದಿ ಜ್ವಾಲೆಯೊಳಗೆ ಹಿಡಿಯಿರಿ, ಕಪ್ಪಾಗುತ್ತದೆ. ಸ್ಪಿರಿಟ್ ದೀಪದ ಮೇಲೆ ಹಿಡಿಯಿರಿ, ಕಪ್ಪಾಗೋದಿಲ್ಲ. ಆಮೇಲೆ ಕರ್ಪೂರ ಹಚ್ಚಿ ನೋಡಿ, ಮಸಿ ಎಳೆಎಳೆಯಾಗಿ ಏಳುತ್ತದೆ. ಸಾಕಷ್ಟು ಗಾಳಿ ಸಿಗದ ಇಂಗಾಲ ಅರ್ಧಂಬರ್ಧ ಉರಿದು ಹೊರಬಿತ್ತು. ಮನೆಯ ಗ್ಯಾಸ್ ಒಲೆ ಹಳದಿಯಾಗಿ ಉರಿದು ಪಾತ್ರೆಯ ತಳ ಕಪ್ಪಾದರೆ ಬರ್ನರ್ ತೂತು ಕಟ್ಟಿದೆ ಅಂತ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡವರ ಮನೆಗೆ ಈ ಮಾತು ಮುಟ್ಟಲೇಬೇಕು: ಅರ್ಧಂಬರ್ಧ ಉರಿದಾಗ ಮಸಿಯ ಜೊತೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಸುಣ್ಣದ ನೀರು: ಬೆಂಕಿಯಿಂದ ನೀರಿಗೆ ದಾಟುವ ಸೇತುವೆ

ಒಣಗಿದ ಜ್ಯಾಮ್ ಬಾಟಲಿಯನ್ನು ಉರಿಯುವ ಮೇಣದಬತ್ತಿಯ ಮೇಲೆ ಬೋರಲು ಹಿಡಿಯಿರಿ. ಜ್ವಾಲೆ ಗಾಜಿಗೆ ತಾಗಬಾರದು, ತಾಗಿದರೆ ಬಿರುಕು ಬಿಡುತ್ತದೆ. ದೀಪ ಆರಿದ ಕೂಡಲೇ ಬಾಟಲಿ ಎತ್ತಿ ಮುಚ್ಚಳ ಹಾಕಿ. ಈಗ ಎರಡು ಚಮಚ ಸುಣ್ಣದ ನೀರು ಒಳಗೆ ಹಾಕಿ ಕುಲುಕಿ. ಹಾಲಿನಂತಾಗುತ್ತದೆ. ಪಕ್ಕದಲ್ಲಿ ಬರೀ ಗಾಳಿ ತುಂಬಿದ ಇನ್ನೊಂದು ಬಾಟಲಿಗೂ ಅಷ್ಟೇ ಸುಣ್ಣದ ನೀರು ಹಾಕಿ ಕುಲುಕಬೇಕು. ಅದು ಹಾಗೆ ಆಗೋದಿಲ್ಲ. ಈ ಎರಡನೇ ಬಾಟಲಿ ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆ ಇಲ್ಲ.

ಈಗ ಆ ಅವಮಾನದ ಕತೆ. ಒಂದು ವರ್ಷ ಬಾಟಲಿಗಳನ್ನು ಶಾಲೆಯ ಬೋರ್‌ವೆಲ್ ನೀರಲ್ಲಿ ತೊಳೆದು, ಹಾಗೇ ಒದ್ದೆಯಾಗಿ ತಂದಿದ್ದೆ. ತಳದಲ್ಲಿ ನೀರು ನಿಂತಿತ್ತು. ಬರೀ ಗಾಳಿಯ ಬಾಟಲಿಗೆ ಸುಣ್ಣದ ನೀರು ಹಾಕಿದ್ದೇ ತಡ, ಅದೂ ಬಿಳುಪಾಯಿತು! ಬೆಂಕಿಯೂ ಇಲ್ಲ, ಊದಿಯೂ ಇಲ್ಲ. ಇಡೀ ಕ್ಲಾಸ್ ನಕ್ಕಿತು. ಸಾಯಂಕಾಲ ಕೂತು ಯೋಚಿಸಿದಾಗ ಗೊತ್ತಾಯಿತು, ಇಂಗಾಲದ ಡೈಆಕ್ಸೈಡ್ ಬೋರ್‌ವೆಲ್ ನೀರಿನೊಳಗೇ ಇತ್ತು, ಬೈಕಾರ್ಬನೇಟ್ ರೂಪದಲ್ಲಿ. ಅಂದಿನಿಂದ ಆ ತಪ್ಪನ್ನೇ ಪ್ರಯೋಗ ಮಾಡಿಕೊಂಡಿದ್ದೇನೆ.

ಒಂದು ಪ್ರನಾಳಕ್ಕೆ ಕಾಲು ಭಾಗ ಸುಣ್ಣದ ನೀರು ಹಾಕಿ, ಅಷ್ಟೇ ಆರ್‌ಓ ನೀರು ಬೆರೆಸಿ. ಪ್ಲೇನ್ ಸೋಡಾವನ್ನು ಡ್ರಾಪರಿನಲ್ಲಿ ಹನಿಹನಿಯಾಗಿ ಬಿಡಿ. ಮೊದಲು ಹಾಲಾಗುತ್ತದೆ. ನಿಲ್ಲಿಸಬೇಡಿ, ಬಿಡುತ್ತಾ ಹೋಗಿ. ಮತ್ತೆ ತಿಳಿಯಾಗುತ್ತದೆ! ಬಿಳಿಯ ಕ್ಯಾಲ್ಸಿಯಂ ಕಾರ್ಬನೇಟ್ ಹೆಚ್ಚಿನ ಡೈಆಕ್ಸೈಡ್ ಜೊತೆ ಸೇರಿ, ಕರಗುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಆಯಿತು. ಗೋಲಿ ಸೋಡಾ ಸಿಕ್ಕಿದರೆ ಅದನ್ನೇ ತನ್ನಿ, ತರಗತಿಯ ಮರ್ಯಾದೆ ಹೆಚ್ಚುತ್ತದೆ. ನಿಂಬೆ, ಉಪ್ಪು ಹಾಕಿದ್ದು ಮಾತ್ರ ಬೇಡ.

ಆ ತಿಳಿ ದ್ರವವನ್ನು ಈಗ ನಿಧಾನಕ್ಕೆ ಕುದಿಸಿ, ಪ್ರನಾಳದ ಬಾಯಿ ಯಾರ ಕಡೆಗೂ ತಿರುಗಿರಬಾರದು. ಅನಿಲ ಹೊರಟುಹೋಗುತ್ತದೆ, ಬಿಳುಪು ವಾಪಸ್ ಬರುತ್ತದೆ. ಇದನ್ನು ಎಲ್ಲಿ ನೋಡಿದ್ದೀರಿ ಅಂತ ಕೇಳಿ. ಯಾರಾದರೂ ಹೇಳುತ್ತಾರೆ: "ನಮ್ಮ ಮನೆ ನೀರು ಕಾಯಿಸೋ ಪಾತ್ರೆ ತಳದಲ್ಲಿ, ಸಾರ್." ಮಣ್ಣಿನೊಳಗೆ ಬೇರು, ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಡೈಆಕ್ಸೈಡನ್ನು ಮಳೆನೀರು ಕರಗಿಸಿಕೊಂಡು ಇಳಿಯುತ್ತದೆ, ಕಲ್ಲಿನ ಕ್ಯಾಲ್ಸಿಯಂ ಕರಗಿಸುತ್ತದೆ. ಅದನ್ನೇ ನಾವು ಮೇಲೆತ್ತಿ ಕಾಯಿಸುತ್ತೇವೆ. ಆ ಬಿಳಿ ಕಲೆಯ ಮೇಲೆ ವಿನೆಗರ್ ಹಾಕಿದರೆ ಗುಳ್ಳೆ ಏಳುತ್ತದೆ, ಅದು ಡೈಆಕ್ಸೈಡ್ ಬಿಡುಗಡೆ ಆಗುತ್ತಿರೋದು. ಗೀಸರ್ ಕಾಯಿಲ್, ನಲ್ಲಿಯ ಬಾಯಿ, ಶವರ್ ತೂತು, ಎಲ್ಲ ಕಡೆಯೂ ಇದೇ.

ನೀರು ತರಿಸುವುದು

ಕಾವೇರಿ ನಲ್ಲಿ, ಅದೇ ನೀರು ಸಂಪಿನಲ್ಲಿ ಎರಡು ದಿನ ನಿಂತ ಮೇಲೆ, ಬೋರ್‌ವೆಲ್, ಟ್ಯಾಂಕರ್, ಆರ್‌ಓ, ಹತ್ತಿರದ ಕೆರೆ. ಮಳೆಗಾಲವಾದರೆ ಬಟ್ಟಲಲ್ಲಿ ಹಿಡಿದ ಮಳೆನೀರು. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಗಲಬರಿಸಿ, ಆಮೇಲೆ ತುಂಬಬೇಕು. ಎಲ್ಲಿ, ಯಾವಾಗ, ಯಾರು ಅಂತ ಚೀಟಿ ಅಂಟಿಸಬೇಕು. ಕೆರೆಗೆ ಮಕ್ಕಳನ್ನು ಕಳಿಸಬೇಡಿ. ನೀವೇ ಹೋಗಿ, ಹಗ್ಗಕ್ಕೆ ಕಟ್ಟಿದ ಡಬ್ಬದಲ್ಲಿ ಎತ್ತಿ, ಗ್ಲೌಸ್ ಹಾಕಿಕೊಳ್ಳಿ.

ನೀರಿನ ಊರು ಯಾವುದು ಅಂತಲೂ ಮಾತಾಡಿ. ನಲ್ಲಿಯ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗುವವರೆಗೆ ನಗರದ ಅಂಚಿನ ಎಷ್ಟೋ ಮನೆಗಳಿಗೆ ಬೋರ್‌ವೆಲ್ ಮತ್ತು ಟ್ಯಾಂಕರೇ ಗತಿಯಾಗಿತ್ತು.

ಸೋಪಿನ ಹನಿ ಎಣಿಸುವುದು

ಒಂದು ಗ್ರಾಂ ಬಾರ್ ಸೋಪು ತುರಿದು 100 ಮಿಲಿ ಬೆಚ್ಚಗಿನ ಆರ್‌ಓ ನೀರಲ್ಲಿ ಕರಗಿಸಿ. ಮುಚ್ಚಳವಿರುವ ಚಿಕ್ಕ ಬಾಟಲಿಗೆ 10 ಮಿಲಿ ಮಾದರಿ ನೀರು ಹಾಕಿ. ಸೋಪಿನ ನೀರು ಎರಡೆರಡು ಹನಿ ಹಾಕುತ್ತಾ ಹತ್ತು ಸೆಕೆಂಡ್ ಕುಲುಕಿ. ಒಂದು ಬೆರಳಗಲ ನೊರೆ ಒಂದು ನಿಮಿಷ ನಿಲ್ಲುವವರೆಗೆ ಎಷ್ಟು ಹನಿ ಬೇಕಾಯಿತು ಅಂತ ಎಣಿಸಿ. ಆರ್‌ಓ ನೀರಿಗೆ ಕೆಲವೇ ಹನಿ ಸಾಕು. ಗಡಸು ಬೋರ್‌ವೆಲ್ ನೀರು ಹನಿ ನುಂಗುತ್ತಲೇ ಹೋಗುತ್ತದೆ, ಬಿಳಿ ಮೊಸರಿನಂಥ ಗಷ್ಟು ಮೇಲೆ ತೇಲುತ್ತದೆ. ಅದೇ ಬೋರ್‌ವೆಲ್ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಸೋಸಿ ಮತ್ತೆ ಎಣಿಸಿ. ಹನಿ ಕಡಿಮೆಯಾದಷ್ಟೂ ತಾತ್ಕಾಲಿಕ ಗಡಸು, ಕುದಿಸಿದರೂ ಹೋಗದೆ ಉಳಿದದ್ದು ಶಾಶ್ವತ ಗಡಸು.

ಈಗ ಸೋಪು ಬದಲು ಬಟ್ಟೆ ಒಗೆಯುವ ಡಿಟರ್ಜೆಂಟ್ ನೀರು ಹಾಕಿ. ಬೋರ್‌ವೆಲ್ ನೀರಲ್ಲೂ ಎರಡೇ ಹನಿಗೆ ಬುಸ್ಸಂತ ನೊರೆ! ಡಿಟರ್ಜೆಂಟನ್ನು ಗಡಸು ನೀರಿಗೆ ಅಂತಲೇ ಮಾಡಿರೋದು. ಸೋಪು ಗಡಸು ನೀರಲ್ಲಿ ಸೋತು ಗಷ್ಟಾಗುತ್ತದೆ, ಡಿಟರ್ಜೆಂಟ್ ಸೋಲದೆ ಮೋರಿ ದಾಟಿ ಕೆರೆವರೆಗೂ ಹೋಗುತ್ತದೆ. ಕೋಡಿಯಲ್ಲಿ ನೀರು ಬಿದ್ದು ಗಾಳಿ ಬೆರೆತಾಗ, ನಿಮ್ಮ ಬಾಟಲಿಯೊಳಗೆ ಕುಲುಕಿದಾಗ ಆದದ್ದೇ ವರ್ತೂರು, ಬೆಳ್ಳಂದೂರಲ್ಲೂ ಆಗುತ್ತದೆ.

ಟಿಡಿಎಸ್ ಮೀಟರಿನ ಸತ್ಯ ಮತ್ತು ಸುಳ್ಳು

ಮೀಟರ್ ತಂದ ದಿನ ಮಕ್ಕಳು ಕೈಗೆ ಸಿಕ್ಕಿದ್ದಕ್ಕೆಲ್ಲ ಅದ್ದುತ್ತಾರೆ, ಅದ್ದಲಿ. ಆಮೇಲೆ ಎರಡು ಲೋಟ ಆರ್‌ಓ ನೀರು ಇಟ್ಟು, ಒಂದಕ್ಕೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ಎರಡು ಚಮಚ ಸಕ್ಕರೆ ಹಾಕಿಸಿ. ಉಪ್ಪಿಗೆ ಅಂಕಿ ಹಾರುತ್ತದೆ, ಸಕ್ಕರೆಗೆ ಕದಲುವುದೇ ಇಲ್ಲ ಅನ್ನಬಹುದು. ಮೀಟರ್ ಅಳೆಯೋದು ನೀರಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದನ್ನು ಮಾತ್ರ. ಸಕ್ಕರೆ, ಕೀಟನಾಶಕ, ರೋಗಾಣು ಯಾವುದೂ ಅದಕ್ಕೆ ಕಾಣೋದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿಗೆ, ಬೇರೆ ನೀರೇ ಸಿಗದಿದ್ದರೆ 2000ವರೆಗೆ. ಗಡಸುತನಕ್ಕೆ 200 ಮತ್ತು 600. ಪಿಎಚ್ 6.5ರಿಂದ 8.5. ಇ. ಕೋಲಿ ಬ್ಯಾಕ್ಟೀರಿಯಾ 100 ಮಿಲಿಯಲ್ಲಿ ಒಂದೂ ಇರಕೂಡದು. 50 ತೋರಿಸಿದ ನೀರೆಲ್ಲ ಶುದ್ಧ, 600 ತೋರಿಸಿದ್ದೆಲ್ಲ ವಿಷ ಅನ್ನುವ ಮಾರಾಟದ ಮಾತು ಈ ಸಕ್ಕರೆ ಲೋಟದ ಮುಂದೆ ನಿಲ್ಲೋದಿಲ್ಲ.

ರೋಗಾಣುವಿನ ಸುಳಿವಿಗೆ ಎಚ್2ಎಸ್ ಬಾಟಲಿ ಸಿಗುತ್ತದೆ. ನೀರು ತುಂಬಿ ಬೆಚ್ಚಗಿನ ಕಡೆ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೋಂಕಿನ ಅನುಮಾನ. ಅದನ್ನು ಮಕ್ಕಳು ತೆರೆಯಬಾರದು, ಬ್ಲೀಚಿಂಗ್ ಪುಡಿಯ ನೀರು ಹಾಕಿ ನೀವೇ ಚೆಲ್ಲಬೇಕು. ರೋಗಾಣು ಕೊಲ್ಲೋಕೆ ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ ನೋಡೋಕೆ ಸಣ್ಣ ಕಿಟ್ ಇದೆ, ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುವ ಡಿಪಿಡಿ ಮಾತ್ರೆಯದ್ದು ಒಳ್ಳೆಯದು. ನಲ್ಲಿಯ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನಲ್ಲಿಯದ್ದು ಗುಲಾಬಿಯಾಗಿ, ಸಂಪಿನದ್ದು ಬಣ್ಣಗೆಟ್ಟು ನಿಂತರೆ, ಸಂಪು ತೊಳೆದು ಎಷ್ಟು ದಿನವಾಯಿತು ಅಂತ ಮನೆಯಲ್ಲಿ ಕೇಳಲಿ.

ನೀಲಿ ಬಾಟಲಿ

ಕೊನೆಯದು, ನನಗೆ ಅತ್ಯಂತ ಇಷ್ಟದ್ದು. ಒಂದೇ ಅಳತೆಯ ನಾಲ್ಕು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಕುದಿಸಿ ಆರಿಸಿದ ನಲ್ಲಿ ನೀರು, ಒಂದಕ್ಕೆ ಬೋರ್‌ವೆಲ್ ನೀರು, ಒಂದಕ್ಕೆ ಕೆರೆ ನೀರು, ನಾಲ್ಕನೆಯದಕ್ಕೆ ಕೆರೆ ನೀರಿನ ಜೊತೆ ಒಂದು ಚಮಚ ಹಾಲು. ಪ್ರತಿಯೊಂದಕ್ಕೂ ತಿಳಿ ನೀಲಿ ಆಗುವಷ್ಟೇ ಮೆಥಿಲೀನ್ ಬ್ಲೂ, ಎಲ್ಲಕ್ಕೂ ಒಂದೇ ಲೆಕ್ಕದ ಹನಿ. ಕಂಠಪೂರ್ತಿ ತುಂಬಿ, ಗಾಳಿಗುಳ್ಳೆ ಉಳಿಯದಂತೆ ಮುಚ್ಚಿ, ಕಪಾಟಿನ ಕತ್ತಲಲ್ಲಿ ಇಡಿ. ಬೆಳಕಿದ್ದರೆ ಪಾಚಿ ಆಮ್ಲಜನಕ ತಯಾರಿಸಿ ಆಟ ಕೆಡಿಸುತ್ತದೆ.

ದಿನಕ್ಕೆ ಎರಡು ಸಲ ತೆಗೆದು, ಬಿಳಿ ಹಾಳೆಯ ಮುಂದೆ ಇಟ್ಟು ಬಣ್ಣ ಬರೆದುಕೊಳ್ಳಲಿ. ಮೊದಲು ಬಣ್ಣ ಕಳೆದುಕೊಳ್ಳುವುದು ಸಾಮಾನ್ಯವಾಗಿ ಹಾಲಿನ ಬಾಟಲಿ. ಕೆರೆ ನೀರು ಎಷ್ಟು ಕೊಳಕು ಅನ್ನುವುದರ ಮೇಲೆ ಅದರ ಗತಿ. ಕುದಿಸಿದ್ದು ನೀಲಿಯಾಗೇ ಇರುತ್ತದೆ. ಬ್ಯಾಕ್ಟೀರಿಯಾ ಹಾಲನ್ನೋ ಕೊಳಚೆಯನ್ನೋ ತಿನ್ನುತ್ತಾ ನೀರಿನ ಆಮ್ಲಜನಕ ಮುಗಿಸುತ್ತವೆ. ಅದು ಮುಗಿದ ಮೇಲೆ ಬಣ್ಣ ಬಿಳುಪಾಗುತ್ತದೆ. ಡೇರಿಗಳಲ್ಲಿ ಹಾಲಿನ ಗುಣ ನೋಡೋಕೂ ಇದೇ ಬಣ್ಣ ಬಳಸುತ್ತಾರೆ. ಈಗ ಬಣ್ಣ ಹೋದ ಬಾಟಲಿಯಿಂದ ಸ್ವಲ್ಪ ಚೆಲ್ಲಿ, ಗಾಳಿ ಸೇರಿಸಿ, ಮುಚ್ಚಿ ಜೋರಾಗಿ ಕುಲುಕಿ. ನೀಲಿ ವಾಪಸ್! ಈ ಕ್ಷಣಕ್ಕೆ ತರಗತಿ ಹೋ ಅನ್ನದಿದ್ದರೆ ಕೇಳಿ.

ಬೋರ್ಡಿನ ಮೇಲಿನ ಆ ಮಾತಿಗೆ ಈಗ ಬನ್ನಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ಏಕೆ ಅಂತ ಕೇಳಿ. ಒಂದು ಲೀಟರ್ ಗಾಳಿಯಲ್ಲಿ ನಮ್ಮ ಊರಿನ ಎತ್ತರಕ್ಕೆ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇದೆ. ಒಂದು ಲೀಟರ್ ಶುದ್ಧ ನೀರಲ್ಲಿ 7–8 ಮಿಲಿಗ್ರಾಂ, ಬಿಸಿಲು ಜಾಸ್ತಿಯಾದರೆ ಇನ್ನೂ ಕಡಿಮೆ. ಮೊದಲ ದಿನ ಉರಿಸಿದ ಅರ್ಧ ಗ್ರಾಂ ಕಡಲೆಕಾಯಿ ಪೂರ್ತಿ ಉರಿಯೋಕೆ ಬೇಕಾದ ಆಮ್ಲಜನಕ ಸುಮಾರು 850 ಮಿಲಿಗ್ರಾಂ. ಅದೇ ಬೀಜ ಕೆರೆಗೆ ಬಿದ್ದು ಬ್ಯಾಕ್ಟೀರಿಯಾದ ಪಾಲಾದರೂ ಖರ್ಚು ಅಷ್ಟೇ. ಜ್ವಾಲೆ ಇಲ್ಲ, ನಿಧಾನ, ಅಷ್ಟೇ ವ್ಯತ್ಯಾಸ. 850ನ್ನು ಏಳೂವರೆಯಿಂದ ಭಾಗಿಸೋಕೆ ಹೇಳಿ. ಒಂದು ಕಡಲೆಕಾಯಿ ಬೀಜ, 100 ಲೀಟರಿಗೂ ಜಾಸ್ತಿ ನೀರಿನ ಆಮ್ಲಜನಕ. ಲೆಕ್ಕ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ, ಮೋರಿಯಲ್ಲಿ ಹೋಗುವ ಅನ್ನ, ಸಾರು, ಎಣ್ಣೆಯ ಲೆಕ್ಕ ಅವರೇ ಶುರು ಮಾಡುತ್ತಾರೆ.

ಚೊಕ್ಕ ಮಾಡುವಾಗ ಸುಣ್ಣದ ನೀರಿಗೆ ಉಳಿದ ವಿನೆಗರ್ ಬೆರೆಸಿ ಚೆಲ್ಲಿ. ನೀಲಿ ಬಾಟಲಿಗಳಿಗೆ ಬ್ಲೀಚಿಂಗ್ ಪುಡಿಯ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಧಾರಾಳ ನೀರಿನ ಜೊತೆ ಶೌಚಾಲಯಕ್ಕೆ ಹಾಕಿ. ವಿನೆಗರ್ ಮತ್ತು ಬ್ಲೀಚಿಂಗ್ ಪುಡಿ ಮಾತ್ರ ಒಂದೇ ಬಕೆಟ್‌ಗೆ ಬೀಳಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಇನ್ನೊಂದು ವಿಷಯ. ಮೆಥಿಲೀನ್ ಬ್ಲೂ ಬಟ್ಟೆಗೆ ಬಿದ್ದರೆ ಯಾವ ಸೋಪಿಗೂ ಬಗ್ಗೋದಿಲ್ಲ. ಬಿಳಿ ಯೂನಿಫಾರಂ ಹಾಕುವ ದಿನ ಈ ಪ್ರಯೋಗ ಇಟ್ಟುಕೊಂಡು, ಮರುದಿನ ಮೂವರು ಅಮ್ಮಂದಿರ ಮುಂದೆ ನಾನು ನಿಂತಿದ್ದೇನೆ.